ಆದಿವಾಲದ ಒಲೆಯಲ್ಲಿ ನನ್ನ ಚಿನ್ನ

ಹೆಣ್ಣು ನೋಡಲು ಹೋಗುವವನು ಜೇಬಿನಲ್ಲಿ ಕಲ್ಲು ಇಟ್ಟುಕೊಂಡು ಹೋಗುವುದುಂಟೆ? ನಾನು ಹೋಗಿದ್ದೆ.

ಹೋದ ವಾರ ಪರಿಚಯದವರೊಬ್ಬರು ಹೊಳೆಯುವ ಹರಳೊಂದನ್ನು ತಂದು, ‘ಮೇಷ್ಟ್ರೇ, ಇದೇನು ನೋಡಿ ಹೇಳ್ರಿ’ ಎಂದಾಗ ಆ ದಿನ ನೆನಪಾಯಿತು. ಐವತ್ತು ವರ್ಷದ ಹಿಂದಿನ ಮಾತು. ಹೇಳದೆ ಇರಲಾರೆ.

ಆಗ ನಾನು ಹೊಳಲ್ಕೆರೆಯ ಸ್ಕೂಲಿನಲ್ಲಿ ಮೇಷ್ಟ್ರು. ಕಲ್ಲು ಆರಿಸುವ ಹುಚ್ಚು. ರಜೆ ಬಂದರೆ ಸಾಕು, ಒಂದು ಸುತ್ತಿಗೆ, ಒಂದು ಲೆನ್ಸು ಹಿಡಿದು ರಾಮಗಿರಿಯ ಗುಡ್ಡ ಹತ್ತುತ್ತಿದ್ದೆ. ಕಲ್ಲಿನ ಬಗ್ಗೆ ಇಂಗ್ಲಿಷಿನ ಪುಸ್ತಕವೊಂದಿತ್ತು. (ಅರ್ಧ ಓದಿದ್ದೆ. ಅರ್ಧ ಓದಿದವನಿಗಿರುವಷ್ಟು ಧೈರ್ಯ ಪೂರ್ತಿ ಓದಿದವನಿಗೆ ಇರುವುದಿಲ್ಲ.)

ಸೋದರಮಾವ ಆದಿವಾಲದಲ್ಲಿ ಒಂದು ಹೆಣ್ಣು ಗೊತ್ತು ಮಾಡಿದ. ಹೆಸರು ನೀಲಮ್ಮ. ಹತ್ತೊಂಬತ್ತು ತುಂಬಿತ್ತು, ಆಗಿನ ಕಾಲಕ್ಕೆ ತಡವೇ. ‘ಹುಡುಗಿ ಬಾಯಿ ಸ್ವಲ್ಪ ಜೋರು’ ಎಂದು ಮಾವನೇ ಮೊದಲು ಎಚ್ಚರಿಸಿದ್ದ. ಇಬ್ಬರೂ ಎತ್ತಿನ ಗಾಡಿಯಲ್ಲಿ ಹೊರಟೆವು.

ಚಿತ್ರದುರ್ಗ ದಾಟಿದ ಮೇಲೆ ಎತ್ತು ಬಿಟ್ಟು ದಣಿವಾರಿಸಿಕೊಳ್ಳುವಾಗ ನನ್ನ ಕಾಲು ಸುಮ್ಮನಿರಲಿಲ್ಲ. ಪಕ್ಕದ ಗುಡ್ಡಕ್ಕೆ ಹೋದೆ. ಕಪ್ಪು ಬಂಡೆಯೊಂದರ ಬಿರುಕಿನಲ್ಲಿ ಪಗಡೆಯ ದಾಳದಂಥ ಚೌಕ ಹರಳುಗಳು. ಹಳದಿ. ಥಳಥಳ. ಒಂದೆರಡು ಚೂರು ಒಡೆದು ಜೇಬಿಗೆ ಹಾಕಿದೆ.

‘ಮಾವ, ಚಿನ್ನ!’

‘ಬಾಯಿ ಮುಚ್ಚಲೇ. ಅಲ್ಲಿ ಹೋಗಿ ಇದನ್ನೆಲ್ಲ ತೆಗೀಬ್ಯಾಡ.’

ಆದಿವಾಲದಲ್ಲಿ ನೀಲಮ್ಮನ ಅಪ್ಪ ಸಿದ್ಧವೀರಪ್ಪನವರು ‘ಬರ್ರಿ, ಕುಂತ್ಕಳ್ರಿ’ ಎಂದು ಕಂಬಳಿ ಹಾಸಿದರು. ಮಂಡಕ್ಕಿ ಬಂತು, ಹಾಲು ಬಂತು. ಹುಡುಗಿಯೂ ಬಂದು ಬಾಗಿಲ ಬಳಿ ನಿಂತಳು. ಅವಳನ್ನು ನೋಡಿದ್ದೇ ನಾಲಿಗೆಗೆ ಅದೇನಾಯಿತೋ! ಜೇಬಿನಿಂದ ಕಲ್ಲು ತೆಗೆದು ಎಲ್ಲರೆದುರು ಹಿಡಿದೆ.

‘ಇದು ಚಿನ್ನ. ದಾರಿಯ ಗುಡ್ಡದಲ್ಲಿ ಸಿಕ್ಕಿತು. ಪರೀಕ್ಷೆ ಮಾಡಿದ್ದೇನೆ’ ಎಂದೆ.

(ಯಾವ ಪರೀಕ್ಷೆ? ಬಿಸಿಲಿಗೆ ಹಿಡಿದು ನೋಡಿದ್ದೆ, ಅಷ್ಟೇ.)

ಸಿದ್ಧವೀರಪ್ಪನವರು ಎದ್ದೇ ಬಿಟ್ಟರು. ‘ಓದಿದೋರು ಹೇಳಿದ್ಮೇಲೆ ಮುಗೀತು. ಪಟೇಲರಿಗೆ ಹೇಳಿ ಕಳಿಸ್ತೀನಿ. ನಾಳೆ ಬೆಳಿಗ್ಗೆ ಊರೋರನ್ನೆಲ್ಲ ಕರ್ಕಂಡು ಅಲ್ಲಿಗೇ ಹೋಗಾಣ!’

ಆಗ ಬಾಗಿಲ ಕಡೆಯಿಂದ ಒಂದು ದನಿ.

‘ಅಪ್ಪ, ಅದು ಚಿನ್ನ ಅಲ್ಲ. ನಾರೋ ಕಲ್ಲು.’

ಹೆಣ್ಣು ನೋಡುವ ಹೊತ್ತಿನಲ್ಲಿ ಹೆಣ್ಣು ಮಾತಾಡುವುದೆಂದರೇನು? ಮಾವನ ಮುಖ ಕೆಂಪಾಯಿತು. ಅಪ್ಪ ಗದರಿದರು. ಅವಳು ಅಳುಕಲಿಲ್ಲ.

‘ಗೊಬ್ಬರಕ್ಕೆ ಅಂತ ಹೊಲದಾಗೆ ಕುರಿ ನಿಲ್ಸಿದ್ವಲ್ಲ, ಆವಾಗ ಕುರಿಯೋರು ಇಂಥವೇ ಕಲ್ಲಿಟ್ಟು ಒಲೆ ಹೂಡಿದ್ರು. ಆ ನಾತಕ್ಕೆ ಮುದ್ದೆ ಬಿಟ್ಟು ಎದ್ದೋದ್ರು. ಬೇಕಾದ್ರೆ ಒಲೆಗೆ ಹಾಕಿ ನೋಡ್ರಿ.’

ಎಲ್ಲರೂ ನನ್ನ ಮುಖ ನೋಡಿದರು. ಕಲ್ಲು ಕೊಡದೆ ಗತ್ಯಂತರವಿಲ್ಲ. ಅವಳು ಒಯ್ದು ಕೆಂಡದ ಮೇಲಿಟ್ಟಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಚಟ್ ಎಂದು ಸಿಡಿಯಿತು ನೋಡಿ! ಪಟಾಕಿ ಮದ್ದು ಸುಟ್ಟಂಥ ಗಂಧಕದ ನಾತ. ಪಡಸಾಲೆಯವರೆಲ್ಲ ಕೆಮ್ಮುತ್ತ ಅಂಗಳಕ್ಕೆ ಓಡಿದೆವು.

ಮಾವ ರುಮಾಲು ಸರಿಮಾಡಿಕೊಂಡು, ‘ಅವಮಾನ ಮಾಡಿದ್ರಿ. ನಡೀಲೇ, ಗಾಡಿ ಕಟ್ಟು’ ಎಂದ. ಸಿದ್ಧವೀರಪ್ಪನವರು ಕೈಮುಗಿದು ನಿಂತರು. ಮಗಳ ಸಂಬಂಧ ಮತ್ತೊಂದು ಮುರಿಯಿತೆಂಬ ಸಂಕಟ ಆ ಮುಖದಲ್ಲಿತ್ತು. ತಪ್ಪು ಮಾಡಿದವನು ನಾನು. ಕೈಮುಗಿಯುತ್ತಿದ್ದವರು ಅವರು!

ಅದನ್ನು ನೋಡಲಾಗಲಿಲ್ಲ. ‘ಯಜಮಾನ್ರೇ, ನಿಮ್ಮ ಮಗಳು ಹೇಳಿದ್ದೇ ಸರಿ. ನಾನು ಯಾವ ಪರೀಕ್ಷೆಯನ್ನೂ ಮಾಡಿರಲಿಲ್ಲ. ಗೊತ್ತಿಲ್ಲದೆ ಹೇಳಿದೆ, ತಪ್ಪಾಯಿತು’ ಎಂದೆ. ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ನೀಲಮ್ಮ (ಹೊಗೆಗೆ) ಮೊದಲ ಸಲ ನನ್ನನ್ನು ನೇರ ನೋಡಿದಳು.

ಊರಿಗೆ ಬಂದು ಪುಸ್ತಕದ ಉಳಿದರ್ಧ ಓದಿದೆ. ಜೇಬಿನ ಮೂಲೆಯಲ್ಲಿ ಉಳಿದಿದ್ದ ಹರಳನ್ನು ಒಡೆದ ಮಡಕೆಯ ಬೋಕಿಗೆ ಉಜ್ಜಿದೆ. ಚಿನ್ನವಾದರೆ ಹಳದಿ ಗೆರೆ ಬೀಳಬೇಕು. ಬಿದ್ದದ್ದು ಕಪ್ಪು. ಕಬ್ಬಿಣ, ಗಂಧಕ ಸೇರಿದ ಪೈರೈಟ್ ಎಂಬ ಕಲ್ಲಂತೆ. ಮೂರ್ಖರ ಚಿನ್ನ ಎಂದೂ ಕರೆಯುತ್ತಾರಂತೆ. (ಹೆಸರಿಟ್ಟವನು ನನ್ನನ್ನು ಕಂಡಿದ್ದನೋ ಏನೋ.)

ಮಾವ ಮೂರು ತಿಂಗಳು ಮಾತು ಬಿಟ್ಟ. ನಾಲ್ಕನೆಯ ತಿಂಗಳು ನೀಲಮ್ಮನ ಜೊತೆಗೇ ಮದುವೆಯಾಯಿತು.

ಆಮೇಲಿನ ವರ್ಷಗಳು ಎಷ್ಟು ಚಂದ! ಬುತ್ತಿ ಕಟ್ಟಿಕೊಂಡು ಇಬ್ಬರೂ ಗುಡ್ಡ ಸುತ್ತಿದೆವು. ಹಾಲುರಾಮೇಶ್ವರಕ್ಕೆ ದರ್ಶನಕ್ಕೆಂದು ಹೋದರೂ ಬರುವಾಗ ಸೀರೆಯ ಸೆರಗಿನಲ್ಲಿ ಕಲ್ಲು. ನಾನು ಲೆನ್ಸಿನಲ್ಲಿ ನೋಡುತ್ತಿದ್ದೆ. ಅವಳು ಅಂಗೈಯಲ್ಲಿ ತೂಗಿ, ಉಗುರಿನಿಂದ ಗೀರಿ, ನಾಲಿಗೆಗೆ ತಾಕಿಸಿ ನೋಡುತ್ತಿದ್ದಳು. ಬೆಣಚುಕಲ್ಲು ಯಾವುದು, ಸುಣ್ಣದ ಹರಳು ಯಾವುದು ಎಂಬುದರಲ್ಲಿ ಅವಳು ತಪ್ಪಿದ್ದು ನನಗೆ ನೆನಪಿಲ್ಲ. ಈಗ ಇಬ್ಬರ ಮಂಡಿಯೂ ಗುಡ್ಡಕ್ಕೆ ಒಪ್ಪುವುದಿಲ್ಲ.

ಮೊನ್ನೆ ಸುಮ್ಮನೆ ಕೇಳಿದೆ. ‘ಅಷ್ಟು ಜನರೆದುರು ಸುಳ್ಳು ಹೇಳಿದವನನ್ನು ಯಾಕೆ ಒಪ್ಪಿದೆ?’

ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. ‘ಸುಳ್ಳು ಹೇಳೋರನ್ನ ಬೇಕಾದಷ್ಟು ಜನ ನೋಡಿದ್ದೆ. ಗೊತ್ತಿಲ್ಲ ಅಂತ ಬಾಯಿಬಿಟ್ಟು ಅಂದ ಗಂಡಸನ್ನ ಅವತ್ತೇ ನೋಡಿದ್ದು.’

ಓದುಗರೇ, ‘ನನಗೆ ಗೊತ್ತಿಲ್ಲ’ ಎಂದು ನೀವು ಕೊನೆಯ ಸಲ ಹೇಳಿದ್ದು ಯಾರೆದುರು?