ಶಿವಕ್ಕನ ಬಾಗಿಲಿಗೆ ಹಾರ ತಂದವರಿಗೆ

ಸುಳ್ಳು ಹೇಳ್ಬೇಡ ಅಂತ ಬೈದು ಫೋನ್ ಇಟ್ಟೆ...
ಶಿವಕ್ಕನ ತಮ್ಮ ಮಾದೇಶ ಮತ್ತೆ ಮಾಡಿದ. ಈ ಸಲ ಬರೀ ಅಳ್ತಿದ್ದ.
ಸಿಕ್ಕ ಬಸ್ ಹತ್ತಿದೆ.

ನಮ್ಮ ಡಾ. ಶಿವಮ್ಮ ಇಲ್ಲ.
ಬೆಳಿಗ್ಗೆ ಯಳಂದೂರಿನ ಮನೇಲಿ ಕಾಫಿ ಕುಡೀತಾ ಕೂತವರು ಹಾಗೇ ಗೋಡೆಗೆ ಒರಗಿಬಿಟ್ರಂತೆ... ಹಾರ್ಟ್ ಅಟ್ಯಾಕ್.
ನಿನ್ನೆ ಸಂಜೆ ನನ್ನ ಜೊತೆ ಫೋನಲ್ಲಿ ನಗಾಡಿದ್ದಾರೆ. ಹೇಗೆ ನಂಬಲಿ...

ಗೊತ್ತಿಲ್ಲದವರಿಗೆ ಹೇಳ್ತೀನಿ.
ಶಿವಕ್ಕ ಸರ್ಕಾರಿ ಎಪಿಡೆಮಿಯಾಲಜಿಸ್ಟ್. ಒಂದೂರಲ್ಲಿ ಜ್ವರವೋ ವಾಂತಿಭೇದಿಯೋ ಎದ್ದರೆ ಅದು ಎಲ್ಲಿಂದ ಶುರುವಾಯ್ತು ಅಂತ ಹುಡುಕೋ ಡಾಕ್ಟ್ರು.
ಇಂಜೆಕ್ಷನ್ ಇಲ್ಲ, ಮಾತ್ರೆ ಇಲ್ಲ. ಜಗುಲಿ ಮೇಲೆ ಕೂತು ಬರೀ ಕೇಳೋದು... ನೆನ್ನೆ ಏನ್ ಉಂಡ್ರಿ, ಎಲ್ಲಿ ನೀರು ಕುಡಿದ್ರಿ, ಮಗು ಯಾವಾಗ ಮಲಗಿತು.
ಕೌದಳ್ಳಿ ಕಡೆಯವರು ಅವರಿಗಿಟ್ಟ ಹೆಸರು ‘ಕೇಳೋ ಡಾಕ್ಟ್ರಮ್ಮ’.
ನಾನು ಲ್ಯಾಬಿನವಳು. ಅವರು ತಂದ ಸ್ಯಾಂಪಲ್ ಟೆಸ್ಟ್ ಮಾಡೋದು ನನ್ನ ಕೆಲಸ. ವರ್ಷಗಟ್ಟಲೆ ಒಂದೇ ಜೀಪು, ಒಂದೇ ಬುತ್ತಿ.

ಹನೂರು ಕಡೆ ಒಂದೂರು. ಹೆಸರು ಬೇಡ.
ಅಲ್ಲೊಂದು ಮನೆಯ ತೊಟ್ಟಿಲು ಶಾಸ್ತ್ರದ ಊಟ ಆದ ಮಾರನೇ ದಿನ ಊರಿಗೂರೇ ವಾಂತಿಭೇದಿ.
ಒಬ್ಬ ಅಜ್ಜಿ ತೀರಿಕೊಂಡರು.
ಅಡುಗೆ ಮಾಡಿದ್ದು ಚಿಕ್ಕತಾಯಮ್ಮ. ಗಂಡ ಇಲ್ಲ, ಮಕ್ಕಳಿಲ್ಲ, ಮದುವೆಮನೆ ಅಡುಗೆಯೇ ಜೀವನ. ಅವಳೇ ವಿಷ ಹಾಕಿದಳು ಅಂತ ಮನೆ ಮುಂದೆ ಜನ ಸೇರಿದರು. ಪಾತ್ರೆಗಳನ್ನೆಲ್ಲ ಬೀದಿಗೆ ಎಸೆದಿದ್ದರು.

ಶಿವಕ್ಕ ಮನೆಮನೆಗೆ ಹೋದರು.
ಊಟಕ್ಕೆ ಹೋಗದೇ ಇದ್ದ ಮನೆಗಳಲ್ಲೂ ವಾಂತಿ...
ಊಟ ಉಂಡು ತಮ್ಮ ತೋಟದ ಬೋರ್‌ವೆಲ್ ನೀರು ಕುಡಿದವರು ಆರಾಮಾಗಿದ್ದರು.
ಅಷ್ಟು ಸಾಕಾಯ್ತು ಅವರಿಗೆ. ಊರವರ ಎದುರೇ ಬೀದಿ ಅಗೆಸಿದರು. ಹೊಸದಾಗಿ ಹಾಕಿದ ಕುಡಿಯೋ ನೀರಿನ ಪೈಪು ಚರಂಡಿಯೊಳಗೇ ಹಾದು ಹೋಗಿತ್ತು. ಜಾಯಿಂಟ್ ಬಿಟ್ಟುಕೊಂಡಿತ್ತು.
ಆ ನೀರನ್ನ ಟೆಸ್ಟ್ ಮಾಡಿದವಳು ನಾನು. ಅದರಲ್ಲಿ ಏನಿತ್ತು ಅಂತ ಊಟದ ಹೊತ್ತಲ್ಲಿ ಹೇಳಬಾರದು.

ಪೈಪ್ ಹಾಕಿದ ಕಂಟ್ರಾಕ್ಟರ್ ಅಲ್ಲಿನ ಲೀಡರ್ ಒಬ್ಬನ ಭಾಮೈದ.
ಲೀಡರ್ ನಮ್ಮ ಜೀಪಿನ ಹತ್ರ ಬಂದ. ನಾನೂ ಒಳಗೇ ಕೂತಿದ್ದೆ.
“ಊಟದಿಂದ ಆಗೈತೆ ಅಂತ ಬರ್ದ್ಬುಡಿ ಮೇಡಂ. ಆ ಅಡಿಗೆಯೋಳ್ಗೆ ಯಾರವ್ರೆ, ಕೇಳಕೆ?”
ಶಿವಕ್ಕ ಕನ್ನಡಕ ಒರೆಸಿಕೊಂಡು ಅಂದರು, “ಯಾರೂ ಇಲ್ಲ ಅಂತಲೇ ನನ್ನ ಕಳ್ಸವ್ರೆ ಸಾ.”

ಆಮೇಲೆ ಟ್ರಾನ್ಸ್‌ಫರ್... ರಾಜ್ಯದ ಆ ತುದಿಗೆ.
ಇಲ್ಲಿ ತಾಯಿ ಹಾಸಿಗೆ ಹಿಡಿದಿದ್ದರು. ತಾಯಿ ಹೋದಾಗ ಶಿವಕ್ಕ ಇನ್ನೂ ದಾರೀಲಿದ್ದರು. ಮುಖ ಸಿಗಲಿಲ್ಲ.
ಅದೂ ಸಾಲದೆ ಗ್ರೂಪ್‌ಗಳಲ್ಲಿ ವಾಯ್ಸ್ ಮೆಸೇಜ್... ಡಾಕ್ಟ್ರಮ್ಮ ಲಂಚ ತಿಂದವ್ಳೆ ಅಂತ.
ನಿಮ್ಮಲ್ಲೂ ಎಷ್ಟೋ ಜನ ಫಾರ್ವರ್ಡ್ ಮಾಡಿದ್ರಿ. ಇವತ್ತು ನನ್ನ ಪೋಸ್ಟ್ ಕೆಳಗೆ ಕೈ ಮುಗಿಯೋ ಇಮೋಜಿ ಹಾಕ್ಬೇಡಿ. ಡಿಲೀಟ್ ಮಾಡ್ತೀನಿ.

ಶಿವಕ್ಕ...
ನೀವು ಒಂದು ದಿನವೂ ಆ ಲೀಡರ್‌ನ ಬೈಲಿಲ್ಲ. “ಬುಡು, ಪೈಪ್ ಚೇಂಜ್ ಮಾಡಿದ್ರಲ್ಲ, ಮಕ್ಳು ಒಳ್ಳೆ ನೀರು ಕುಡೀತವೆ” ಅಂತಿದ್ರಿ.
ನನ್ನ ಕೈಲಿ ಬಿಡೋಕಾಗಲ್ಲ ಅಕ್ಕ. ನಿಮ್ಮಷ್ಟು ಒಳ್ಳೇವಳಲ್ಲ ನಾನು.
ತೀರಿಕೊಂಡ ಆ ಅಜ್ಜಿಯ ಮಗ ಕಂಟ್ರಾಕ್ಟರ್ ಮೇಲೆ ಹಾಕಿದ ಕೇಸು ಮುಂದಿನ ವಾರ ಕೊಳ್ಳೇಗಾಲದ ಕೋರ್ಟಲ್ಲಿದೆ. ಸಾಕ್ಷಿ ಹೇಳೋಕೇ ತಾನೆ ರಜೆ ಹಾಕಿ ಬಂದದ್ದು ನೀವು. ಯಾವ ಸೀರೆ ಉಡಲಿ ಅಂತ ನಿನ್ನೆ ಕೇಳಿದ್ರಿ...

ಮಧ್ಯಾಹ್ನ ಆ ಲೀಡರ್ ಬಂದ.
ಕಾರು, ಆಳೆತ್ತರದ ಹಾರ, ಫೋಟೋ ತೆಗೆಯೋಕೆ ಒಬ್ಬ.
ಚಿಕ್ಕತಾಯಮ್ಮ ಬೆಳಿಗ್ಗೆಯೇ ಬಸ್ ಹತ್ತಿ ಬಂದು ಹೊಸ್ತಿಲ ಹತ್ರ ಕೂತಿದ್ದಳು. ಎದ್ದೇಳಲಿಲ್ಲ. ದನಿಯೂ ಎತ್ತಲಿಲ್ಲ.
“ನನ್ ಕೈ ಅಡಿಗೆ ಇಸ ಅಂದ್ರಿ. ಈ ಬಾಗ್ಲಲ್ಲಿ ನಾನೇ ಕುಂತಿವ್ನಿ. ದಾಟ್ಕಂಡು ಓಗಿ, ನೋಡವ.”
ಅಂಗಳದಲ್ಲಿದ್ದ ಗಂಡಸರೆಲ್ಲ ಎದ್ದು ಅವಳ ಹಿಂದೆ ನಿಂತರು. ಮಾದೇಶನೂ ಅಳು ನಿಲ್ಲಿಸಿ ಬಂದು ನಿಂತ.
ಅವನು ಹಾರ ಡ್ರೈವರ್ ಕೈಗೆ ಕೊಟ್ಟು ಹೊರಟ. ಹೋಗ್ತಾ ಹೋಗ್ತಾ ತನ್ನ ಕಡೆಯವನಿಗೆ ಅಂದದ್ದು ನನ್ನ ಕಿವಿಗೆ ಬಿತ್ತು.
“ಓಗ್ಲಿ ಬುಡ್ಲಾ... ಸಾಕ್ಸಿನೇ ಮಣ್ಗೋಯ್ತಾ ಅದೆ, ಇನ್ಯಾವ ಕೇಸು?”

ಕೇಳಿಸ್ಕೊಳ್ಳಿ ಲೀಡ್ರೇ. ಈ ಪೋಸ್ಟ್ ನಿಮಗೆ ತಲುಪಿಸೋ ಜನ ಇಲ್ಲೇ ಇದ್ದಾರೆ.
ಕಟಕಟೆಗೆ ನಾನು ಬರ್ತೀನಿ. ನೀರಲ್ಲಿ ಏನಿತ್ತು ಅಂತ ನಾನು ಹೇಳ್ತೀನಿ. ಜೀಪಿನ ಹತ್ರ ನೀವಂದದ್ದನ್ನೂ ಹೇಳ್ತೀನಿ, ಅದೇ ಮಾತಲ್ಲಿ, ಅದೇ ದನೀಲಿ. ಬೀದಿ ಅಗೆದಾಗ ನಿಂತು ನೋಡಿದ ಹೆಂಗಸರೆಲ್ಲ ಬರ್ತಾರೆ. ಮಣ್ಣು ಮಾಡಿ ಕೈ ತೊಳೆಯೋಕೆ ಮುಂಚೆಯೇ ಮಾತಾಡಿಕೊಂಡಿದ್ದೀವಿ.
ನನ್ನನ್ನೂ ಟ್ರಾನ್ಸ್‌ಫರ್ ಮಾಡಿಸಿ. ಅಲ್ಲಿಂದ ಬಸ್ ಹತ್ತಿ ಬರ್ತೀನಿ.
ನಿಮ್ಮ ಭಾಮೈದ ಒಳಗೆ ಹೋಗೋದನ್ನ ಕಣ್ಣಾರೆ ನೋಡ್ಬೇಕು. ಆಮೇಲೆ ನಿಮ್ಮ ಸರದಿ.
ಸಾವಿನ ಮನೇಲಿ ಕೂತು ಹೀಗೆಲ್ಲ ಬರೀಬಾರ್ದು ಅಂತ ಗೊತ್ತು... ಬರೀತಿದ್ದೀನಿ.

ಅಕ್ಕ, ತೋಟದಲ್ಲಿ ನಿಮ್ಮವ್ವನ ಪಕ್ಕದಲ್ಲೇ ಮಲಗಿಸಿ ಬಂದಿದ್ದೀವಿ.
ಇನ್ನು ಯಾವ ಊರಿಗೂ ಓಡೋದು ಬೇಡ.
ನಿಮ್ಮ ಜೀವ ತಣ್ಣಗಿರಲಿ...
ಶಾಂತಿ ನಿಮಗೊಬ್ಬರಿಗೇ.