ಅರಮನೆ ಬಿದ್ದ ಸಂಜೆ

ಇವತ್ತು ಬೆಳಿಗ್ಗೆ ಲಕೋಟೆ ಅಂಟಿಸುವಾಗ ಗೋಂದಿನ ವಾಸನೆ ಮೂಗಿಗೆ ಬಡಿದು ಹಲಸೂರಿನ ಕೃಷ್ಣಪ್ಪನವರು ನೆನಪಾದರು. ದಂಡಿನ ಸೋಲ್ಜರುಗಳಿಗೆ ಷರಾಯಿ ಹೊಲಿಯುತ್ತಿದ್ದ ಟೈಲರು. ಸಂಜೆಯಾದರೆ ನಮ್ಮ ಬೀದಿಯ ನಾಟಕಕ್ಕೆ ಮೇಷ್ಟ್ರೂ ಅವರೇ, ಮಹಾರಾಜನೂ ಅವರೇ. ಯುದ್ಧದ ಕಾಲ ಅದು. ನನಗೆ ಇಪ್ಪತ್ತು ವರ್ಷ. ನನ್ನ ಕೈಕಾಲು ಯಾವತ್ತೂ ನನ್ನ ಮಾತು ಕೇಳಿದವಲ್ಲ. ಅಮ್ಮ ನನ್ನ ಕೈಗೆ ಗಾಜಿನ ಲೋಟ ಕೊಡುತ್ತಲೇ ಇರಲಿಲ್ಲ. ಅಂಥವನಿಗೆ ಕೃಷ್ಣಪ್ಪನವರು ದೂತನ ಪಾತ್ರ ಕೊಟ್ಟರು. ಓಡಿ ಬಂದು, "ಮಹಾಪ್ರಭು, ಯುವರಾಜರು ರಣರಂಗದಲ್ಲಿ ಮಡಿದರು" ಅನ್ನಬೇಕು, ಅಷ್ಟೇ.

ಓಡಿ ಬಂದೆ. ಪಂಚೆ ಕಾಲಿಗೆ ಸಿಕ್ಕಿ ಮಹಾಪ್ರಭುವಿನ ಮಡಿಲಿಗೇ ಬಿದ್ದೆ. ಆಸರೆಗೆಂದು ಹಿಡಿದದ್ದು ಅವರ ಗಡ್ಡ, ಗೋಂದು ಬಿಟ್ಟುಕೊಟ್ಟಿತು. ಆ ಗಡ್ಡ ಹಿಡಿದುಕೊಂಡೇ ಸಾವಿನ ಸುದ್ದಿ ಹೇಳಿದೆ. ಅಳಬೇಕಿದ್ದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವರ ಮೂರು ತಿಂಗಳ ಶ್ರಮ ಹಾಳುಮಾಡಿದೆನಲ್ಲ ಎಂದು ಮಾರನೆಯ ದಿನ ನಾನು ಅಟ್ಟ ಹತ್ತಿ ಕೂತೆ. ಕೃಷ್ಣಪ್ಪನವರು ಮನೆಗೇ ಬಂದರು. ಬೈಯಲಿಲ್ಲ. ಇಡೀ ಹಲಸೂರು ಇವತ್ತಿನ ಎರಡನೇ ಆಟಕ್ಕೆ ನನ್ನನ್ನು ನೋಡಲೆಂದೇ ಬರುತ್ತಿದೆಯಂತೆ. "ನಿನ್ನೆ ಹೆಂಗೆ ಬಿದ್ಯೋ ಇವತ್ತೂ ಹಂಗೇ ಬೀಳಪ್ಪ," ಅಂದರು. ಮಧ್ಯಾಹ್ನವೆಲ್ಲ ಹಾಸಿಗೆಯ ಮೇಲೆ ಬಿದ್ದು ಬಿದ್ದು ಅಭ್ಯಾಸ ಮಾಡಿದೆ. ಇಷ್ಟು ದಿನ ಕಲಿಯದೆಯೇ ಬೀಳುತ್ತಿದ್ದವನಿಗೆ ಈಗೇನು ಬಂತು ಎಂದು ಅಮ್ಮ ಕೇಳಿದಳು.

ನಂಬುತ್ತೀರೋ ಇಲ್ಲವೋ, ಆ ಸಂಜೆ ನನಗೆ ಬೀಳಲಾಗಲಿಲ್ಲ. ಬೀಳಲೆಂದು ಹೊರಟ ಕಾಲು ನೆಟ್ಟಗೆ ನಡೆಯಿತು. ಮಾತೂ ಸ್ಪಷ್ಟವಾಗಿ ಬಂತು. ಜನ ಕಾದರು. "ಬೀಳೋ," ಎಂದು ಮಹಾಪ್ರಭು ಗಡ್ಡದೊಳಗಿಂದ ಗೊಣಗಿದರು. ನಾನು ಮೆಲ್ಲಗೆ ಮಂಡಿಯೂರಿ, ಊಟವಾದ ಮೇಲೆ ಚಾಪೆಗೆ ಒರಗುವವನಂತೆ ಒರಗಿದೆ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು, ಅಷ್ಟೇ.

ಅವಮಾನದಿಂದ ಎದ್ದು ತಿರುಗಿದವನು ನನ್ನ ಶಲ್ಯವನ್ನು ನಾನೇ ತುಳಿದೆ. ಕೈಗೆ ಸಿಕ್ಕಿದ್ದು ಹಿಂದಿನ ಪರದೆ. ಬಣ್ಣದ ಕಂಬ, ಕಮಾನು, ಎರಡು ನವಿಲು ಸಮೇತ ಇಡೀ ಅರಮನೆ ನನ್ನ ತಲೆಯ ಮೇಲೆ ಬಿತ್ತು. ಅದರ ಹಿಂದೆ, ರಣರಂಗದಲ್ಲಿ ಮಡಿದಿದ್ದ ಯುವರಾಜರು ಕುಕ್ಕರುಗಾಲಿನಲ್ಲಿ ಕೂತು ಮಸಾಲೆ ವಡೆ ತಿನ್ನುತ್ತಿದ್ದರು.

ಪರದೆಯಿಂದ ತಲೆ ಹೊರಗೆ ಹಾಕಿ ಅದನ್ನು ನೋಡಿದೆ. ಮೊದಲು ನಕ್ಕವನು ನಾನೇ. ಆಮೇಲೆ ಕೃಷ್ಣಪ್ಪನವರು, ಸಿಂಹಾಸನ ಅಲ್ಲಾಡುವ ಹಾಗೆ. ನಮ್ಮಿಬ್ಬರನ್ನು ನೋಡಿ ಜನರೂ ನಕ್ಕರು.

ಈ ವಯಸ್ಸಿನಲ್ಲೂ ಬೀಳುವುದೇನೂ ನಿಂತಿಲ್ಲ. ಬಿದ್ದ ಮೇಲೆ ಯಾರಾದರೂ ನೋಡಿದರೋ ಎಂದು ಸುತ್ತ ಕಣ್ಣಾಡಿಸುವುದು ಮಾತ್ರ ನಿಂತಿದೆ. ಇವತ್ತು ಮಧ್ಯಾಹ್ನ ಇಂದಿರಾನಗರದಲ್ಲಿ ಬಸ್ಸಿಳಿಯುವಾಗ ಮೆಟ್ಟಿಲು ತಪ್ಪಿ ರಸ್ತೆಯ ಮೇಲೇ ಕೂತೆ. ಒಬ್ಬಳು ಹುಡುಗಿ ಗಾಬರಿಯಿಂದ ಕೈ ಕೊಟ್ಟು, ಏಟಾಯ್ತಾ ತಾತ ಎಂದು ಕೇಳಿದಳು.

"ಇಲ್ಲಮ್ಮ," ಅಂದೆ. "ಇವತ್ತು ಚೆನ್ನಾಗಿ ಬಿದ್ದೆ."