ಸಾಹೇಬರ ಪೆನಾಲ್ಟಿ ಹಿಡಿದ ಬಂಡೆಪ್ಪ

ನಮ್ಮ ಬಂಡೆಪ್ಪನಿಗೆ ಬಡ್ತಿ ಸಿಕ್ಕಿತು. ಅವತ್ತು ಅವನ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಬಂಡೆಪ್ಪ ತಾಂಡೂರು ಕಚೇರಿಯ ಜವಾನ. ಅದು ಕಾಗದದ ಮೇಲಿನ ಮಾತು. ನಿಜವಾದ ಕಸುಬು ಗೋಲ್‌ಕೀಪರ್. ಹರೆಯವನ್ನೆಲ್ಲ ಹೈದರಾಬಾದಿನಲ್ಲಿ ಒಂದು ದೊಡ್ಡ ಸರಕಾರಿ ಖಾತೆಯ ಫುಟ್‌ಬಾಲ್ ಟೀಮಿಗೆ ಗೋಲು ಕಾಯುತ್ತ ಕಳೆದವನು. ಅದಕ್ಕೇ ಸಂಬಳ. ಮೊಣಕಾಲು ಸವೆದ ಮೇಲೆ ಇಲ್ಲಿಗೆ ಕಳಿಸಿದರು. ಎರಡು ಬೆರಳು ಸೊಟ್ಟ, ಮುಂದಿನ ಹಲ್ಲೊಂದು ಇಲ್ಲ.

ನಮ್ಮ ಹೈದರಾಬಾದ್ ಸಂಸ್ಥಾನದಲ್ಲಿ ಶುಕ್ರವಾರ ಕಚೇರಿಗೆ ರಜೆ. ಸಂಜೆ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಚೂರು ತುಂಬಿದ ಮೈದಾನದಲ್ಲಿ ಮ್ಯಾಚು. ಅಲ್ಲೊಂದು ರಿವಾಜು: ಕಚೇರಿಯ ದೊಡ್ಡ ಸಾಹೇಬರು ಒಂದಾದರೂ ಗೋಲು ಹೊಡೆಯಬೇಕು. ಬರೆದಿಟ್ಟ ಕಾನೂನಲ್ಲ, ಆದ್ದರಿಂದಲೇ ಯಾರೂ ಮುರಿಯುವುದಿಲ್ಲ. ಪಟ್ಟಣದಲ್ಲಿ ಚೆಂಡು ಹಿಡಿದು ಉಂಡ ಬಂಡೆಪ್ಪ ತಾಂಡೂರಿನಲ್ಲಿ ಚೆಂಡು ಬಿಟ್ಟು ಉಣ್ಣುತ್ತಿದ್ದ. ಯಾವುದು ಕಷ್ಟ? ಬಿಡುವುದೇ ಕಷ್ಟ ಎನ್ನುತ್ತಿದ್ದ.

ಈ ಸಲ ಬಂದ ಸಾಹೇಬರು (ಹೆಸರು ಕೇಳಬೇಡಿ, ನನಗೂ ಸಂಬಳ ಬೇಕು) ಮೊದಲ ದಿನವೇ ಸಾರಿದರು: “ನನ್ನ ಮುಖ ನೋಡಿ ಆಡಬೇಡಿ. ಖುಷಾಮತ್ತು ನನಗಾಗದು.”

ಬಂಡೆಪ್ಪ ಲೆಕ್ಕ ಹಾಕಿದ. ಬಿಟ್ಟರೆ ಖುಷಾಮತ್ತು. ಹಿಡಿದರೆ? ಮೊದಲ ಮ್ಯಾಚಿನಲ್ಲಿ ಸಾಹೇಬರ ಕಾಲಿನಿಂದ ಚೆಂಡು ಕಸಿದ ಗುಮಾಸ್ತ ವರ್ಗವಾಗಿ ಈಗ ಜಹೀರಾಬಾದಿನಲ್ಲಿದ್ದಾನೆ.

ಬಂಡೆಪ್ಪ ತಾಂಡೂರು ಬಿಡುವಂತಿರಲಿಲ್ಲ. ಮಗಳು ಶರಣಮ್ಮ ಇಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನಾಲ್ಕನೆಯ ಜಮಾತು ಓದುತ್ತಿದ್ದಳು. ಆ ಮನೆಯಲ್ಲಿ ಅಕ್ಷರ ಕಲಿತ ಮೊದಲ ಜೀವ. “ಆಕಿ ನಿಮ್ಮಂಗ ಆಗ್ಬೇಕ್ರಿ, ಮಾಸ್ತರ್ರ” ಎಂದು ಊರ ಶಾಲೆಯ ಮಾಸ್ತರನಾದ ನನಗೆ ಹೇಳುತ್ತಿದ್ದ. (ನಮ್ಮ ವಂಶದ ಮೊದಲ ಬಿ.ಎ. ನಾನು. ಹೆಬ್ಬೆಟ್ಟು ಒತ್ತುತ್ತಿದ್ದವರ ಮಗ. ನಾನೇ ಹೇಳಿಕೊಳ್ಳದಿದ್ದರೆ ಯಾರು ನಂಬುತ್ತಾರೆ?)

ಬಡ್ತಿ ಬರುವ ಹಿಂದಿನ ದಿನದ ಮ್ಯಾಚಿಗೆ, ಇಂಗ್ಲಿಷ್ ಬರುತ್ತದೆಂದು, ನನ್ನ ಕೊರಳಿಗೆ ಸೀಟಿ ಕಟ್ಟಿದ್ದರು. ಚೆಂಡು ಯಾರ ಕೈಗೋ ತಾಕಿತೋ ಇಲ್ಲವೋ, ಸಾಹೇಬರು “ಪೆನಾಲ್ಟಿ!” ಎಂದರು. ಸೀಟಿ ಊದಿದೆ. ವಿದ್ಯಾವಂತರು ಬೇಗ ಗ್ರಹಿಸುತ್ತಾರೆ.

ಬಂಡೆಪ್ಪ ನಡುದಾರಿ ಹುಡುಕಿದ್ದ. ಸಾಹೇಬರ ಕಣ್ಣು ಗೋಲಿನ ಸ್ಟೇಷನ್ ಕಡೆಯ ಕಂಬದ ಮೇಲಿತ್ತು. ತಾನು ಊರ ಕಡೆಯ ಕಂಬಕ್ಕೆ ಹಾರುವುದು. ಪ್ರಾಣ ಬಿಟ್ಟು ಹಾರಿದಂತೆಯೂ ಆಗಬೇಕು, ಗೋಲೂ ಆಗಬೇಕು.

ಹಾರಿದ. ಸಾಹೇಬರ ಬೂಟು ಕಲ್ಲಿಗೆ ಎಡವಿತು. ಚೆಂಡು ದಿಕ್ಕು ತಪ್ಪಿ, ಊರ ಕಡೆಗೇ ಬಂದು, ಬಂಡೆಪ್ಪನ ಅಪ್ಪುಗೆಯಲ್ಲಿ ಕೂತಿತು!

ಜನ ಟೊಪ್ಪಿಗೆ ತೂರಿದರು. ಸಾಹೇಬರು ಬೆನ್ನು ತಟ್ಟಿ ಶಹಬ್ಬಾಸ್ ಎಂದರು. ಬಂಡೆಪ್ಪ ಮಾತ್ರ ಸತ್ತ ಮಗುವನ್ನು ಎತ್ತಿಕೊಂಡವನಂತೆ ನಿಂತಿದ್ದ.

“ಕೈ ಬಿಡಬೇಕಿತ್ತಲ್ಲೋ ಮಾರಾಯಾ!” ಎಂದೆ.

“ಇಷ್ಟ್ ವರ್ಷ ಹಿಡದ ಕೈರಿ. ಚೆಂಡ್ ಎದಿಗೇ ಬಂದ್ರ ಎಲ್ಲಿ ನನ್ನ ಮಾತ ಕೇಳ್ತಾವ?”

ಮಾರನೆಯ ದಿನವೇ ಹುಕುಂ ಬಂತು. ಇಂಥ ಆಟಗಾರ ತಾಂಡೂರಿನಲ್ಲಿ ಕೊಳೆಯಬಾರದು. ಜವಾನರ ಮೇಲಿನ ಜಮಾದಾರನಾಗಿ ನಾರಾಯಣಖೇಡಕ್ಕೆ ಹೋಗಿ ಟೀಮು ಕಟ್ಟಲಿ. ಬಂಡೆಪ್ಪ ವಿಚಾರಿಸಿದ. ಅಲ್ಲಿ ತೊಗರಿ ಇದೆ, ಕಡಲೆ ಇದೆ. ಫುಟ್‌ಬಾಲ್ ಇಲ್ಲ. ಹೆಣ್ಣುಮಕ್ಕಳ ಶಾಲೆಯೂ ಇಲ್ಲ.

ಅವನ ಹೆಂಡತಿ ನಾಗಮ್ಮ ಬಾಗಿಲಲ್ಲೇ ಹಿಡಿದಳು. “ಅಷ್ಟ್ ಚೆಂಡ್ ಬಿಟ್ಟಾಂವ, ಮನಿ ಸಲುವಾಗಿ ಈ ಒಂದ್ ಬಿಡು ಅಂದ್ರ, ಅದನ್ನ ಹಿಡದಿ!”

ಸಾಹೇಬರು ಸೇಡು ತೀರಿಸಿಕೊಂಡರೋ, ನಿಜಕ್ಕೂ ಮೆಚ್ಚಿದರೋ? ನನಗೆ ಇನ್ನೂ ತಿಳಿದಿಲ್ಲ. ಎರಡಕ್ಕೂ ಒಂದೇ ಹುಕುಂ ಅಲ್ಲವೇ?

ಹುಡುಗಿಯನ್ನು ನಮ್ಮಲ್ಲಿ ಬಿಡು ಎಂದೆ. “ಒಬ್ಬಾಕಿ ಮಗಳ್ರಿ ಮಾಸ್ತರ್ರ, ಹೆಂಗ ಬಿಡ್ಲಿ?” ಎಂದ. ಬಿಡುವುದು ಕಷ್ಟ ಎಂದು ಮೊದಲೇ ಹೇಳಿದ್ದನಲ್ಲ. ಶರಣಮ್ಮ ಬರೆಯುವ ಪಾಟಿಯನ್ನು ಎದೆಗೆ ಅವುಚಿಕೊಂಡು ಬಂಡಿ ಹತ್ತಿದಳು, ಥೇಟ್ ಅಪ್ಪ ಚೆಂಡು ಹಿಡಿದ ಹಾಗೆ.

ಮೊನ್ನೆ ಶುಕ್ರವಾರ ಗೋಲಿನಲ್ಲಿ, ಕಚೇರಿಯಲ್ಲಿ ಸಾಹೇಬರ ಕೈಕೆಳಗಿನ ಪೇಷ್ಕಾರರು ನಿಂತರು, ಹೊಟ್ಟೆಯ ಸಮೇತ. ಸಾಹೇಬರು ಮೂರು ಗೋಲು ಹೊಡೆದು, ಬೆವರು ಒರೆಸಿಕೊಳ್ಳುತ್ತ, “ನೋಡಿದಿರಾ? ಈಗ ಯಾರೂ ನನ್ನ ಮುಖ ನೋಡಿ ಆಡುವುದಿಲ್ಲ” ಎಂದರು.

ನಿಜ. ನಾವೆಲ್ಲ ಅವರ ಕಾಲು ನೋಡುತ್ತಿದ್ದೆವು.